ಗುಳೆ ಹೋದರೂ ಶಾಲೆ ಬಿಡಿಸಬೇಡಿ

ಮಳೆ ಕೈಕೊಟ್ಟ ವರ್ಷ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಮಲೆನಾಡಿನ ಕಾಫಿ ತೋಟಕ್ಕೋ ಗುಳೆ ಹೊರಡುವ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಪಾತ್ರೆ, ಹಾಸಿಗೆ ಗಂಟು ಕಟ್ಟುವಾಗ ಮಗುವಿಗೆ ಶಾಲೆಯಲ್ಲಿ ಕೊಟ್ಟ ವಿದ್ಯಾರ್ಥಿ ಗುರುತಿನ ಸಂಖ್ಯೆಯನ್ನೂ (ಸ್ಯಾಟ್ಸ್ ಸಂಖ್ಯೆ) ಬರೆದಿಟ್ಟುಕೊಳ್ಳಿ. ಅಜ್ಜಿಯ ಬಳಿ ಬಿಡಲು ಆಗುವುದಾದರೆ ಸರಿ. ಇಲ್ಲದಿದ್ದರೆ ಹೋದೂರಿನ ಸರ್ಕಾರಿ ಶಾಲೆಗೆ ಮೊದಲ ವಾರವೇ ಸೇರಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ, 6ರಿಂದ 14 ವರ್ಷದ ಮಕ್ಕಳಿಗೆ ವರ್ಗಾವಣೆ ಪತ್ರ (ಟಿ.ಸಿ.) ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ತಮ್ಮನನ್ನು ನೋಡಿಕೊಳ್ಳಲಿ ಎಂದು ದೊಡ್ಡ ಮಗಳನ್ನು ಶೆಡ್ಡಿನಲ್ಲೇ ಉಳಿಸಿಕೊಂಡರೆ, ಮೂರೇ ತಿಂಗಳಲ್ಲಿ ಮಗ್ಗಿ ಮರೆಯುತ್ತದೆ. ಊರಿಗೆ ಮರಳಿದ ಮೇಲೆ ಶಾಲೆಗೆ ಹೋಗಲು ನಾಚುತ್ತಾಳೆ. ಯಾರಾದರೂ ಸೇರಿಸಿಕೊಳ್ಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡಿಲ್ಲ.