ಇರುವೆಗೂಡಿನ ಜೀರುಂಡೆ: ಯಾವ ಕುಟುಂಬ?

ಕಂಪ್ಲಿಯಂಥ ಭತ್ತದ ಸೀಮೆಯಲ್ಲಿ ರಾತ್ರಿ ಟ್ಯೂಬ್‌ಲೈಟಿಗೆ ಬರುವ ಕಿತ್ತಳೆ-ಕಪ್ಪು ಹುಳು ಪೆಡೆರಸ್. ನೋಡಲು ಇರುವೆ, ಅಸಲಿಗೆ ಜೀರುಂಡೆ. ಕಚ್ಚುವುದಿಲ್ಲ; ಮೈಮೇಲೆ ಉಜ್ಜಿದರೆ ಪೆಡೆರಿನ್ ವಿಷದಿಂದ ಬೊಬ್ಬೆ ಏಳುತ್ತದೆ. ಗಿಡ್ಡ ರೆಕ್ಕೆಕವಚ, ಬಯಲಾದ ಹೊಟ್ಟೆ: ಇದು ಕೋಲಿಯಾಪ್ಟೆರಾ ಗಣದ ಸ್ಟ್ಯಾಫಿಲಿನಿಡೆ ಕುಟುಂಬದ ಗುರುತು. ಈ ಕುಟುಂಬದ ಪ್ರಭೇದಗಳು 60,000ಕ್ಕೂ ಹೆಚ್ಚು.

ಪೆಡೆರಸ್ ಗದ್ದೆಯಲ್ಲಿ ಬೇಟೆಯಾಡಿದರೆ, ಇದೇ ಕುಟುಂಬದ ಕೆಲವು ಇರುವೆಗೂಡಿನಲ್ಲೇ ಬಾಳುತ್ತವೆ. ಅವುಗಳಲ್ಲಿ ಹೆಚ್ಚಿನವು ಅಲಿಯೊಕ್ಯಾರಿನೆ, ಸೆಲಾಫಿನೆ ಉಪಕುಟುಂಬಗಳವು. ಸೆಲಾಫಿನೆ ಹಿಂದೆ ಪ್ರತ್ಯೇಕ ಕುಟುಂಬವಾಗಿತ್ತು. 1995ರಲ್ಲಿ ಕೀಟತಜ್ಞರಾದ ನ್ಯೂಟನ್, ಥೇಯರ್ ಅದನ್ನು ಸ್ಟ್ಯಾಫಿಲಿನಿಡೆಯೊಳಗೆ ಸೇರಿಸಿದರು. ಹಳೆಯ ಗೈಡು ಓದುವವರು ಇಲ್ಲೇ ಎಡವುವುದು.

ಇಂಥ ಇರುವೆಗೂಡಿನ ಜೀರುಂಡೆಗಳಲ್ಲಿ ಒಂದಾದ ಯುರೋಪಿನ ಲೊಮೆಕೂಸಾ ತನ್ನ ಹೊಟ್ಟೆಯ ಗ್ರಂಥಿಸ್ರಾವ ನೆಕ್ಕಿಸಿ ಇರುವೆಯನ್ನು ಒಲಿಸಿಕೊಳ್ಳುತ್ತದೆ. ಅದರ ಮರಿಹುಳುವೋ ಇರುವೆಮರಿಗಳನ್ನೇ ತಿನ್ನುತ್ತದೆ! ಗಮನಿಸಿ: ಇಂಥವನ್ನು ಕರೆಯುವ ‘ಮಿರ್ಮೆಕೊಫೈಲ್’ ಎಂಬುದು ವರ್ಗದ ಹೆಸರಲ್ಲ, ಇರುವೆಯೊಡನೆ ಬದುಕುವ ರೀತಿ.