ಲೆಕ್ಕ ತಪ್ಪಿದಲ್ಲೇ ನಿಲ್ಲಲಿ

ಪೆರೇಸಂದ್ರದಿಂದ ಬೆಂಗಳೂರಿಗೆ ಹೋಗಿ ಪ್ರೋಗ್ರಾಮಿಂಗ್ ಕಲಿಯುತ್ತಿದ್ದೀಯ, ಸಂತೋಷ. ಒಂದು ಮಾತು ಕಿವಿಗೆ ಹಾಕಿಕೋ, ಮಗು. ನಿನ್ನ ಪ್ರೋಗ್ರಾಂ ನಡುವೆ ನಿಂತುಹೋದರೆ ಹೆದರಬೇಡ. ತಪ್ಪು ಲೆಕ್ಕ ಕೊಡುತ್ತಾ ಸಲೀಸಾಗಿ ಓಡುತ್ತಿದ್ದರೆ ಹೆದರು.

ನಮ್ಮ ಕಡೆ ಊರೂರಿಗೂ ಇರುವ ಹಾಲಿನ ಡೇರಿಯ ಲೆಕ್ಕವನ್ನೇ ತಗೋ. ಎರಡು ಹೊತ್ತು ಹಾಲು ಅಳೆದು, ಫ್ಯಾಟ್ ನೋಡಿ, ದರ ಕಟ್ಟಿ, ಬಟವಾಡೆ ಮಾಡಬೇಕು. ಒಂದು ಬೆಳಗಿನ ಹಾಲನ್ನು ನಿನ್ನ ಪ್ರೋಗ್ರಾಂ ಯಾರದೋ ಖಾತೆಗೆ ಎರಡು ಸಲ ಕೂಡಿತು ಅನ್ನು. ತಪ್ಪು ಆದದ್ದು ಆವತ್ತು. ಬಯಲಾಗುವುದು ಬಟವಾಡೆಯ ದಿನ. ಆಮೇಲೆ ಎಲ್ಲಿಂದ ಹುಡುಕುತ್ತೀಯ? ಅದಕ್ಕೇ ಪ್ರತಿ ಹೊತ್ತಿನ ಲೆಕ್ಕ ಮುಗಿದ ಕೂಡಲೇ ಒಂದು ಸಾಲು ಬರೆ: ಖಾತೆಗಳಿಗೆ ಹಾಕಿದ ಹಾಲೆಲ್ಲ ಕೂಡಿದರೆ, ಆ ಹೊತ್ತು ಅಳೆದ ಒಟ್ಟು ಹಾಲಿಗೆ ಸಮ ಬರಲೇಬೇಕು. ಇದೇ ಅಸರ್ಷನ್, ಬರೆಯುವಾಗ ಅಸರ್ಟ್. ಸಮ ಬಾರದಿದ್ದರೆ ಪ್ರೋಗ್ರಾಂ ಅಲ್ಲೇ ನಿಂತು, ಎಷ್ಟನೆಯ ಸಾಲು ಎಂದು ಹೇಳುತ್ತದೆ. ಹಾಲನ್ನು ಮಿಲಿಲೀಟರಿನ ಪೂರ್ಣಸಂಖ್ಯೆಯಲ್ಲೇ ಇಡು. ಕಂಪ್ಯೂಟರಿನ ದಶಮಾಂಶದಲ್ಲಿ 0.1ಕ್ಕೆ 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ, ಸರಿಯಿದ್ದ ಲೆಕ್ಕವೂ ಸುಮ್ಮನೆ ನಿಂತೀತು.

ಈ ಉಪಾಯ ಹಳೆಯದು. 1949ರಲ್ಲಿ ಕೇಂಬ್ರಿಜ್‌ನಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಇದನ್ನೇ ಹೇಳಿದ್ದರು. ದೊಡ್ಡ ಸಂಕಲನದಲ್ಲಿ ದಶಕಗಳನ್ನು ಬರೆದಿಟ್ಟರೆ ಪರೀಕ್ಷಿಸುವವನು ಒಂದೊಂದು ಕಂಬಸಾಲನ್ನೂ ಬೇರೆಬೇರೆಯಾಗಿ ನೋಡಬಹುದು. ಪ್ರೋಗ್ರಾಂ ಬರೆಯುವವನೂ ಹಾಗೆಯೇ ಅಲ್ಲಲ್ಲಿ ಖಚಿತ ಹೇಳಿಕೆಗಳನ್ನು ಬರೆದಿಡಲಿ ಎಂಬುದು ಅವರ ವಾದ.

ಆದರೆ ಎಲ್ಲದಕ್ಕೂ ಅಸರ್ಟ್ ಹಾಕಬೇಡ. ಡೇರಿ ಕಾರ್ಯದರ್ಶಿ ಫ್ಯಾಟ್ 4.2 ಎನ್ನುವ ಕಡೆ 42 ಒತ್ತಿದರೆ ಅದು ಮನುಷ್ಯರ ಕೈತಪ್ಪು. ಇಫ್ ಹಾಕಿ ನೋಡು, ಕನ್ನಡದಲ್ಲಿ ತಿಳಿಸಿ ಮತ್ತೆ ಕೇಳು. ಅಸರ್ಟ್ ಇರುವುದು ನಿನ್ನ ತಪ್ಪು ಹಿಡಿಯಲು. ಸಿ ಭಾಷೆಯಲ್ಲಿ ಎನ್‌ಡಿಬಗ್ ಎಂದು ಕೊಟ್ಟರೆ, ಪೈಥಾನ್‌ನಲ್ಲಿ ಮೈನಸ್ ಓ ಹಾಕಿ ಓಡಿಸಿದರೆ ಆ ಸಾಲುಗಳು ಕೆಲಸವನ್ನೇ ಮಾಡುವುದಿಲ್ಲ. ಹಾಗಾಗಿ ಖಾತೆಗೆ ದುಡ್ಡು ಹಾಕುವಂಥ ಕೆಲಸವನ್ನು ಅಸರ್ಟ್ ಒಳಗೆ ಬರೆಯಲೇಬೇಡ. ಅದರೊಳಗೆ ಬರೀ ಪರೀಕ್ಷೆ ಇರಲಿ.

ಕೆಲಸ ಒಪ್ಪಿಸುವ ಹಿಂದಿನ ರಾತ್ರಿ ಅಸರ್ಟ್ ಸಿಡಿದರೆ ಅದನ್ನು ಅಳಿಸಿಬಿಡುವ ಆಸೆಯಾಗುತ್ತದೆ. ಅಳಿಸಬೇಡ. ಆ ಸಾಲಿನಿಂದ ಹಿಂದಕ್ಕೆ ಹೋಗಿ ನೋಡು, ಬೇಕಾದರೆ ಒಂದು ದಿನ ತಡವಾಗಲಿ. ಆ ಲೆಕ್ಕ ನಂಬಿ ಹಾಲು ಹಾಕಿದವರ ದುಡ್ಡು ಅದರಲ್ಲಿದೆ.