ಹುಲ್ಲುಹಾಸಿಗೆ ಸುತ್ತಲಗಿನ ಯಂತ್ರ

ಕೊಯ್ಯುವುದು, ಕತ್ತರಿಸುವುದು, ಸವರುವುದು ಎಂಬ ಮೂರು ಕ್ರಿಯೆಗಳೂ ಒಂದೇ ಎಂದು ಮೇಲುನೋಟಕ್ಕೆ ತೋರಬಹುದು. ಕನ್ನಡದ ಬಳಕೆಯಲ್ಲಿ ಅವು ಬೇರೆಬೇರೆ. ಪೈರನ್ನು ಕುಡುಗೋಲಿನಿಂದ ಕೊಯ್ಯುತ್ತಾರೆ. ಅಲ್ಲಿ ಎಡಗೈ ತೆನೆಯ ಹಿಡಿಯನ್ನು ಬಿಗಿಹಿಡಿದಿರುತ್ತದೆ, ಬಲಗೈ ಅಲಗನ್ನು ತನ್ನತ್ತ ಎಳೆಯುತ್ತದೆ. ಬಟ್ಟೆಯನ್ನು ಕತ್ತರಿಸುತ್ತಾರೆ, ಅಲ್ಲಿ ಎರಡು ಅಲಗುಗಳು ಒಂದನ್ನೊಂದು ಸಂಧಿಸಬೇಕು. ಬೇಲಿಯ ಕುಡಿಗಳನ್ನು ಮಚ್ಚಿನಿಂದ ಸವರುತ್ತಾರೆ. ಅಲ್ಲಿ ಅಲಗು ಒಂದೇ, ಕುಡಿಯನ್ನು ಹಿಡಿದುಕೊಳ್ಳುವವರು ಯಾರೂ ಇಲ್ಲ, ಕೆಲಸ ನಡೆಯುವುದು ಬೀಸಿನ ವೇಗದಿಂದ ಮಾತ್ರ. ಹುಲ್ಲುಹಾಸನ್ನು ಸಮಗೊಳಿಸುವ ಯಂತ್ರಗಳ ಮುಖ್ಯ ಭೇದವು ಈ ಕಡೆಯ ಎರಡು ಮಾತುಗಳಲ್ಲಿಯೇ ಅಡಗಿದೆ. ಒಂದು ಬಗೆಯ ಯಂತ್ರ ಕತ್ತರಿಸುತ್ತದೆ, ಇನ್ನೊಂದು ಸವರುತ್ತದೆ. ರೋಟರಿ ಎಂದು ಅಂಗಡಿಗಳಲ್ಲಿ ಹೆಸರಾಗಿರುವ ಸುತ್ತಲಗಿನ ಯಂತ್ರವು ಸವರುವ ವರ್ಗಕ್ಕೆ ಸೇರಿದ್ದು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅದರ ಗುಣವೂ ದೋಷವೂ ಅಪಾಯವೂ ತಾವಾಗಿಯೇ ತಿಳಿಯುತ್ತವೆ.

ಸಿದ್ದಾಪುರದಂಥ ಪ್ರದೇಶದಲ್ಲಿ ಈ ವಿಚಾರ ಅಪ್ರಸ್ತುತವೇನಲ್ಲ. 1760ರಲ್ಲಿ ಹೈದರಾಲಿಯು ಆರಂಭಿಸಿದ, 1856ರಲ್ಲಿ ಸರಕಾರಿ ಸಸ್ಯೋದ್ಯಾನವಾದ ಲಾಲ್‌ಬಾಗು ಈ ಬಡಾವಣೆಯ ನೆರೆಯಲ್ಲಿಯೇ ಇದೆ. ಇತ್ತ ಜಯನಗರದ ಕಡೆಗೆ ನಡೆದರೆ ಮಾಧವನ್ ಪಾರ್ಕ್ ಮೊದಲಾದ ಉದ್ಯಾನಗಳುಂಟು. ಇವುಗಳನ್ನು ದಿನವೂ ಕಂಡವರಿಗೆ ತಮ್ಮ ಶಾಲೆಯ ಅಂಗಳದಲ್ಲಿಯೂ ಒಂದಿಷ್ಟು ಹಸಿರು ಹಾಸಬೇಕೆಂಬ ಆಸೆ ಹುಟ್ಟುವುದು ಸಹಜ. ಹುಲ್ಲನ್ನು ನೆಡುವಾಗ ಉತ್ಸಾಹ ಬಹಳ. ಆಷಾಢ ಶ್ರಾವಣಗಳ ಮಳೆಗೆ ಅದು ಮೊಣಕಾಲೆತ್ತರ ಬೆಳೆದಾಗ ಮಾತ್ರ ಯಂತ್ರದ ನೆನಪಾಗುತ್ತದೆ. ಆತುರದಲ್ಲಿ ಕೊಂಡದ್ದು ಆಮೇಲೆ ಮೂಲೆ ಸೇರುತ್ತದೆ.

ಕತ್ತರಿಸುವ ಯಂತ್ರವೇ ಹಿರಿಯದು. ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಬಳಿ ಎಡ್ವಿನ್ ಬಡ್ಡಿಂಗ್ ಎಂಬಾತ 1830ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಆ ಸೀಮೆಯು ಉಣ್ಣೆಬಟ್ಟೆಯ ಗಿರಣಿಗಳಿಗೆ ಹೆಸರಾದದ್ದು. ನೇಯ್ದ ಬಟ್ಟೆಯ ಮೇಲೆ ಎದ್ದ ನವಿರುಗಳನ್ನು ಸಮನಾಗಿ ಕತ್ತರಿಸುವ ಉರುಳೆ ಅಲ್ಲಿ ಬಳಕೆಯಲ್ಲಿತ್ತು. ಬಟ್ಟೆಯ ನವಿರಿಗೆ ಒಗ್ಗಿದ್ದು ನೆಲದ ನವಿರಿಗೂ ಒಗ್ಗದೇ ಎಂದು ಅವನಿಗೆ ಹೊಳೆಯಿತು. ಇಂದಿಗೂ ಉರುಳೆಯ ಯಂತ್ರದ ರಚನೆ ಅದೇ: ತಿರುಚಿದ ಅಲಗುಗಳುಳ್ಳ ಒಂದು ಉರುಳೆ, ಅದರಡಿಯಲ್ಲಿ ಕದಲದ ಒಂದು ಅಡ್ಡ ಅಲಗು. ಎರಡರ ನಡುವೆ ಸಿಕ್ಕ ಹುಲ್ಲೆಳೆ ಕತ್ತರಿಗೆ ಸಿಕ್ಕಂತೆ ನಯವಾಗಿ ತುಂಡಾಗುತ್ತದೆ. ನೆಲವು ಅಂಗೈಯಂತೆ ಸಮವಾಗಿದ್ದು, ಹುಲ್ಲು ಗಿಡ್ಡವಾಗಿದ್ದು, ವಾರಕ್ಕೊಮ್ಮೆ ತಪ್ಪದೆ ಕೆಲಸ ನಡೆಯುವುದಾದರೆ ಇದಕ್ಕೆ ಸಾಟಿಯಿಲ್ಲ. ಆದರೆ ಉದ್ದ ಹುಲ್ಲು ಉರುಳೆಯ ಮುಂದೆ ಬಾಗಿ ಮಲಗಿಬಿಡುತ್ತದೆ. ಒಂದು ಕಲ್ಲು ಸಿಕ್ಕಿದರೂ ಅಲಗು ಮುಕ್ಕಾಗುತ್ತದೆ.

ಸುತ್ತಲಗಿನ ಯಂತ್ರವು ಹಗುರವಾದ ಎಂಜಿನ್ನುಗಳು ಬಂದ ಮೇಲಿನ ಸೃಷ್ಟಿ. ಅದನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಆಸ್ಟ್ರೇಲಿಯದ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ಪ್ರಸಿದ್ಧನು. 1952ರಲ್ಲಿ ಸಿಡ್ನಿಯಲ್ಲಿ ಅವನು ಕಟ್ಟಿದ ಮೊದಲ ಮಾದರಿಗೆ ಪೀಚ್ ಹಣ್ಣಿನ ಖಾಲಿ ಡಬ್ಬಿಯೇ ಪೆಟ್ರೋಲಿನ ತೊಟ್ಟಿಯಾಗಿತ್ತು. ಅದರಿಂದಲೇ ‘ವಿಕ್ಟಾ’ ಎಂಬ ಯಂತ್ರ ಬೆಳೆಯಿತು.

ಇನ್ನು ಅದರ ಕ್ರಮವನ್ನು ನೋಡಬಹುದು. ನೆಲಕ್ಕೆ ಸಮಾನಾಂತರವಾಗಿ, ಕಬ್ಬಿಣದ ಹೊದಿಕೆಯೊಂದರ ಕೆಳಗೆ, ಉಕ್ಕಿನ ಒಂದು ಪಟ್ಟಿ ಸುತ್ತುತ್ತದೆ. ಪಟ್ಟಿಯ ಎರಡು ತುದಿಗಳಲ್ಲಿ ಮಾತ್ರ ಹರಿತವುಂಟು. ಪಟ್ಟಿಯ ಉದ್ದ 50 ಸೆಂಟಿಮೀಟರು, ವೇಗ ನಿಮಿಷಕ್ಕೆ 3000 ಸುತ್ತು ಎಂದಿಟ್ಟುಕೊಂಡರೆ, ತುದಿಯು ಒಂದು ಸುತ್ತಿಗೆ ಸುಮಾರು 157 ಸೆಂಟಿಮೀಟರು ಸಾಗುತ್ತದೆ; ಸೆಕೆಂಡಿಗೆ 50 ಸುತ್ತು; ಅಂದರೆ ಸೆಕೆಂಡಿಗೆ 78 ಮೀಟರಿಗೂ ಮಿಕ್ಕು, ಗಂಟೆಗೆ ಸುಮಾರು 280 ಕಿಲೋಮೀಟರು. ಎಂಟನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಹುದಾದ ಈ ಲೆಕ್ಕವನ್ನು ಯಂತ್ರ ಕೊಳ್ಳುವವರು ಒಮ್ಮೆಯಾದರೂ ಮಾಡಿನೋಡಬೇಕು. ಇಷ್ಟು ವೇಗವಿಲ್ಲದಿದ್ದರೆ ಹಿಡಿಯುವವರಿಲ್ಲದ ಹುಲ್ಲೆಳೆಯು ಬಾಗಿ ತಪ್ಪಿಸಿಕೊಳ್ಳುತ್ತದೆ. ಇಷ್ಟು ವೇಗವಿರುವುದರಿಂದಲೇ ಅಡಿಗೆ ಸಿಕ್ಕ ಜಲ್ಲಿಕಲ್ಲು ಕವಣೆಯ ಕಲ್ಲಾಗುತ್ತದೆ.

ಪಟ್ಟಿಯ ಹಿಂಬದಿಯ ಅಂಚು ತುಸು ಮೇಲಕ್ಕೆ ಬಾಗಿರುವುದನ್ನು ಕಾಣಬಹುದು. ಅದು ಅಲಂಕಾರಕ್ಕಲ್ಲ. ಬೀಸಣಿಗೆಯಂತೆ ಅದು ಗಾಳಿಯನ್ನು ಮೇಲಕ್ಕೆ ಸೆಳೆದು ಮಲಗಿದ ಹುಲ್ಲನ್ನು ನಿಲ್ಲಿಸುತ್ತದೆ, ಸವರಿದ ತುಣುಕುಗಳನ್ನು ಪಕ್ಕಕ್ಕೋ ಹಿಂದಿನ ಚೀಲಕ್ಕೋ ತೂರುತ್ತದೆ. ಕೆಲವು ಯಂತ್ರಗಳು ತುಣುಕುಗಳನ್ನು ಹೊದಿಕೆಯೊಳಗೇ ಸುತ್ತಿಸಿ ಸಣ್ಣಗೆ ಮಾಡಿ ನೆಲಕ್ಕೆ ಉದುರಿಸುತ್ತವೆ. ಆಗಾಗ್ಗೆ ಸವರುವ ಒಣ ಹುಲ್ಲಿಗೆ ಇದು ಒಳ್ಳೆಯದು, ನೆಲಕ್ಕೆ ಗೊಬ್ಬರವೂ ಹೌದು. ಒದ್ದೆ ಹುಲ್ಲಿನಲ್ಲಿ ಈ ಯಾವ ಏರ್ಪಾಡೂ ಸರಿಯಾಗಿ ನಡೆಯದು.

ಆಯ್ಕೆಯ ಪ್ರಶ್ನೆ ಬಂದಾಗ ಅಂಗಡಿಯವರು ಮೊದಲು ಹೇಳುವುದು ಎಂಜಿನ್ನಿನ ಅಶ್ವಶಕ್ತಿಯನ್ನು, ಕೊಳ್ಳುವವರು ಮೊದಲು ಕೇಳುವುದು ಬೆಲೆಯನ್ನು. ಯಂತ್ರವನ್ನು ದಿನವೂ ತಳ್ಳಬೇಕಾದ ಮಾಲಿಯನ್ನು ಅಂಗಡಿಗೆ ಕರೆದೊಯ್ಯುವವರೇ ವಿರಳ. ಇದು ನ್ಯಾಯವಲ್ಲ, ಜಾಣತನವೂ ಅಲ್ಲ. 1000 ಚದರ ಮೀಟರಿನ ಅಂಗಳಕ್ಕೆ 30 ಸೆಂಟಿಮೀಟರು ಅಗಲದ ಯಂತ್ರ ತಂದರೆ ಮಾಲಿಯು ಒಂದು ಸಲಕ್ಕೆ 3300 ಮೀಟರಿಗಿಂತ ಹೆಚ್ಚು ನಡೆಯಬೇಕು. 45 ಸೆಂಟಿಮೀಟರಿನದಾದರೆ 2200 ಮೀಟರು ಸಾಕು. ಸಾಲಿನ ಮೇಲೆ ಸಾಲು ತುಸು ಹತ್ತುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚೇ. ಹಾಗೆಂದು ಅತಿ ಅಗಲದ್ದನ್ನು ತಂದರೆ ಮರಗಳ ನಡುವೆ, ಪಾತಿಗಳ ಅಂಚಿನಲ್ಲಿ ತಿರುಗಿಸಲಾಗದು. ಹಿಡಿಯ ಎತ್ತರ ಮಾಲಿಯ ಸೊಂಟಕ್ಕೆ ಹೊಂದುವುದೇ, ಚಕ್ರಗಳ ಎತ್ತರವನ್ನು ಸ್ಪ್ಯಾನರಿಲ್ಲದೆ ಬದಲಾಯಿಸಬಹುದೇ, ಬದಲಿ ಅಲಗು ಊರಿನಲ್ಲಿಯೇ ದೊರೆಯುವುದೇ ಎಂಬ ಮೂರು ಪ್ರಶ್ನೆಗಳು ಅಶ್ವಶಕ್ತಿಗಿಂತ ಮುಖ್ಯವಾದವು.

ಎತ್ತರದ ಮಾತು ಬಂದುದರಿಂದ ಹೇಳಬೇಕಾದದ್ದು: ಒಂದು ಸಲಕ್ಕೆ ಹುಲ್ಲಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸವರಬಾರದು. ಆರು ಸೆಂಟಿಮೀಟರು ಬೆಳೆದದ್ದನ್ನು ನಾಲ್ಕಕ್ಕೆ ಇಳಿಸಬಹುದು, ಎರಡಕ್ಕಲ್ಲ. ಗರಿಕೆಯು ನೆಲಕ್ಕಂಟಿ ಹಬ್ಬುವ ಜಾತಿಯಾದ್ದರಿಂದ ಬಹಳ ಸಹಿಸುತ್ತದೆ. ನರ್ಸರಿಗಳಲ್ಲಿ ಕೊರಿಯನ್, ಮೆಕ್ಸಿಕನ್ ಎಂಬ ಹೆಸರುಗಳಲ್ಲಿ ಮಾರುವ ಹುಲ್ಲುಗಳ ಎಳೆ ಗಡುಸು. ಅವು ಅಲಗನ್ನು ಬೇಗ ಮೊಂಡಾಗಿಸುತ್ತವೆ. ಅಲಗು ಮೊಂಡಾಯಿತೇ ಎಂದು ತಿಳಿಯಲು ಯಂತ್ರವನ್ನು ಮಗುಚಬೇಕಾಗಿಲ್ಲ. ಸವರಿದ ಎರಡನೆಯ ದಿನ ಹುಲ್ಲಿನ ತುದಿಯನ್ನು ನೋಡಿದರಾಯಿತು. ತುದಿ ನೇರವಾಗಿ ಹಸಿರಾಗಿದ್ದರೆ ಅಲಗು ಹರಿತವಾಗಿದೆ. ಸೀಳಿ ನಾರುನಾರಾಗಿ ಬಿಳಿಚಿದ್ದರೆ ಅದು ಸವರಿಲ್ಲ, ಹರಿದಿದೆ.

ಶಕ್ತಿಯ ಮೂಲಗಳಲ್ಲಿ ಪೆಟ್ರೋಲು ದೊಡ್ಡ ಮೈದಾನಕ್ಕೆ, ತಂತಿಯ ವಿದ್ಯುತ್ತು ಸಣ್ಣ ಅಂಗಳಕ್ಕೆ. ಈಚೆಗೆ ಬಂದಿರುವ ಬ್ಯಾಟರಿಯ ಯಂತ್ರಗಳು ತರಗತಿಗಳ ಪಕ್ಕದಲ್ಲಿ ಹೆಚ್ಚು ಸದ್ದು ಮಾಡದಿರುವುದೊಂದು ಸೌಕರ್ಯ. ತಂತಿಯದ್ದನ್ನು ಕೊಂಡರೆ, ವಿದ್ಯುತ್ತು ಸೋರಿದ ಕೂಡಲೇ ತುಂಡರಿಸುವ ಸ್ವಿಚ್ಚನ್ನು ಮೊದಲು ಹಾಕಿಸಬೇಕು, ಸಾಕೆಟ್ಟಿನಿಂದ ದೂರ ಸರಿಯುತ್ತ ಕೆಲಸ ಮಾಡಬೇಕು. ಇಲ್ಲವಾದರೆ ಅಲಗು ತನ್ನ ತಂತಿಯನ್ನೇ ಸವರೀತು.

ಹಿಡಿಗೆ ಹೊಂದಿಕೊಂಡ ಒಂದು ಕಂಬಿಯಿರುತ್ತದೆ. ಕೈ ಬಿಟ್ಟೊಡನೆ ಅಲಗನ್ನು ನಿಲ್ಲಿಸುವುದು ಅದರ ಕೆಲಸ. ಅಮೆರಿಕದಲ್ಲಿ 1982ರ ನಡುವಿನಿಂದ ತಯಾರಾದ, ನಡೆದು ತಳ್ಳುವ ಇಂಥ ಯಂತ್ರಗಳಲ್ಲಿ ಅಲಗು ಮೂರು ಸೆಕೆಂಡಿನೊಳಗೆ ನಿಲ್ಲಲೇಬೇಕೆಂದು ನಿಯಮವಾಯಿತು. ಅದಕ್ಕೆ ಕಾರಣ ಕತ್ತರಿಸಿಹೋದ ಬೆರಳುಗಳೇ. ಆದರೂ ಕೈ ಜೋಮುಹಿಡಿಯುತ್ತದೆಂದು ಆ ಕಂಬಿಯನ್ನು ಸಣಬಿನ ದಾರದಿಂದ ಹಿಡಿಗೆ ಬಿಗಿದುಬಿಡುವ ರೂಢಿ ಅಲ್ಲಲ್ಲಿ ಉಂಟು. ಆ ದಾರವನ್ನು ಕಂಡ ಮುಖ್ಯೋಪಾಧ್ಯಾಯರು ಅದನ್ನು ಅಂದೇ ಬಿಚ್ಚಿಸಬೇಕು. ಬಿಚ್ಚಿಸಿದ ಮೇಲೆ ಕೈ ಯಾಕೆ ಜೋಮುಹಿಡಿಯಿತೆಂದು ವಿಚಾರಿಸಬೇಕು, ಏಕೆಂದರೆ ಬಹುಮಟ್ಟಿಗೆ ತಪ್ಪು ಹಿಡಿಯ ಎತ್ತರದಲ್ಲಿರುತ್ತದೆ. ಮಕ್ಕಳು ಅಂಗಳದಲ್ಲಿರುವಾಗ ಯಂತ್ರ ಹೊರಡಲೇಕೂಡದು. ಶಾಲೆ ಬಿಟ್ಟ ಮೇಲೆ, ನೆಲವನ್ನು ಒಮ್ಮೆ ನಡೆದುನೋಡಿ ಕಲ್ಲು, ತಂತಿಚೂರು, ಗಾಜುಗಳನ್ನು ಆಯ್ದ ತರುವಾಯ, ಬರಿಗಾಲಿನಲ್ಲಲ್ಲದೆ ಗಟ್ಟಿ ಮೆಟ್ಟಿನಲ್ಲಿ ಕೆಲಸ ಹಿಡಿಯಬೇಕು. ಇಳಿಜಾರಿನಲ್ಲಿ ಅಡ್ಡಡ್ಡವಾಗಿ ತಳ್ಳಬೇಕು. ಯಂತ್ರವನ್ನು ತನ್ನ ಕಾಲಿನತ್ತ ಎಳೆದುಕೊಳ್ಳಬಾರದು. ಮೆಟ್ಟನ್ನು ಕೊಡಿಸುವ ಹೊಣೆ ಮಾಲಿಯದಲ್ಲ, ಸಂಸ್ಥೆಯದು.

ಅಲಗನ್ನು ಹರಿತಗೊಳಿಸುವ ಮುನ್ನ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಬೇಕು. ಬ್ಯಾಟರಿಯ ಯಂತ್ರದಲ್ಲಿ ಬ್ಯಾಟರಿಯನ್ನೇ ತೆಗೆದಿಡಬೇಕು. ಪೆಟ್ರೋಲ್ ಯಂತ್ರವನ್ನು ವಾಲಿಸುವಾಗ ಗಾಳಿಸೋಸುಕವು ಮೇಲ್ಮುಖವಾಗಿರಬೇಕು, ಇಲ್ಲದಿದ್ದರೆ ಎಣ್ಣೆ ಹರಿದು ಅದು ತೊಯ್ದುಹೋಗುತ್ತದೆ. ಬಿಚ್ಚಿದ ಪಟ್ಟಿಯನ್ನು ಅರದಿಂದ ಉಜ್ಜಿದ ಮೇಲೆ, ನಡುವಿನ ತೂತಿನಲ್ಲಿ ಮೊಳೆಯೊಂದಕ್ಕೆ ತೂಗಿಬಿಟ್ಟು ನೋಡಬೇಕು. ತಕ್ಕಡಿಯ ದಂಡಿಗೆಯಂತೆ ಅದು ಸಮವಾಗಿ ನಿಲ್ಲಬೇಕು. ಒಂದು ತುದಿ ಇಳಿದರೆ ಆ ತುದಿಯನ್ನೇ ಇನ್ನಷ್ಟು ಉಜ್ಜಬೇಕು. ಸಮತೂಕವಿಲ್ಲದ ಪಟ್ಟಿಯ ನಡುಕ ಎಂಜಿನ್ನನ್ನೂ ಮಾಲಿಯ ಮಣಿಕಟ್ಟನ್ನೂ ಒಟ್ಟಿಗೇ ಕೆಡಿಸುತ್ತದೆ. ಹೊದಿಕೆಯ ಒಳಮೈಗೆ ಮೆತ್ತಿದ ಹುಲ್ಲನ್ನು ಅದೇ ದಿನ ಹಸಿಯಿದ್ದಾಗಲೇ ಮರದ ಚಕ್ಕೆಯಿಂದ ಕೆರೆದು ತೆಗೆಯುವುದು ಲೇಸು. ಬಿಟ್ಟರೆ ಅದರಡಿಯಲ್ಲಿ ತುಕ್ಕು ಹಿಡಿಯುತ್ತದೆ, ಒಣಗಿದ ಮೇಲೆ ಬಿಡಿಸಲು ಉಳಿಯೇ ಬೇಕಾಗುತ್ತದೆ.